ಕಿಕ್ಕಿಗೆ ದಾರಿ ಬಿಡದ ಬೇಸ್

ಬೈಂದೂರಿನ ನನ್ನ ಪುಟ್ಟ ಸ್ಟುಡಿಯೋಕ್ಕೆ ಮೀನು ಮಾರುವ ಹೆಂಗಸೊಬ್ಬರು ತಮ್ಮನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದರು. ಕಡಲಿನಲ್ಲಿ ದೋಣಿಯ ಎಂಜಿನ್ ಕೆಟ್ಟು ನಿಂತು, ಅಲೆಗೆ ದೋಣಿ ಮಗುಚಿ ಅವನು ತೀರಿಕೊಂಡಿದ್ದ. ಅವನು ಅರ್ಧಕ್ಕೆ ಬಿಟ್ಟಿದ್ದ ಡಿಜೆ ಹಾಡನ್ನು ನಾನು ಮುಗಿಸಿಕೊಡಬೇಕಿತ್ತು.

ಅದೇ ಎಂಜಿನ್ನಿನ ಸದ್ದನ್ನು ರೆಕಾರ್ಡ್ ಮಾಡಿ ಅವನು ಹಾಡಿನ ತಳದಲ್ಲಿ ಗುಂಯ್‌ಗುಡುವ ಬೇಸ್ ಮಾಡಿಕೊಂಡಿದ್ದ. ತಾಳಕ್ಕೆ ಧಪ್ಪೆಂದು ಬೀಳುವ ಕಿಕ್ ಡ್ರಮ್ಮಿನ ಏಟೂ ಬೇಸೂ ಒಂದರೊಳಗೊಂದು ಕಲಸಿಹೋಗಿದ್ದವು. ಎಲ್ಲರೂ ಮಾಡುವಂತೆ ನಾನೂ, ಕಿಕ್ ಬಿದ್ದಾಗಲೆಲ್ಲ ಬೇಸ್ ಒಂದು ಕ್ಷಣ ತಗ್ಗುವ ಹಾಗೆ ಮಾಡಿ ಕೇಳಿಸಿದೆ. ಹಾಡು ಚೊಕ್ಕವಾಗಿತ್ತು. ಅವರ ಮುಖ ಮಾತ್ರ ಬಿಳಿಚಿಕೊಂಡಿತು.

"ಹ್ವಾಯ್, ಎಂಜಿನ್ ಮತ್ತ್ ಮತ್ತ್ ನಿಂತ್ ಹೋತ್ತ್ ಅಲ್ದಾ?"

"ಇಲ್ಲ ಅಕ್ಕ, ಕಿಕ್ಕಿಗೆ ಜಾಗ ಬಿಡೂಕೆ ನಾನೇ ತಗ್ಸಿದ್ದ್."

"ಒಂದ್ ಸಲ ನಿಂತದ್ದೇ ಸಾಕ್. ಇಲ್ಲಾರೂ ನಿಲ್ಲುದ್ ಬ್ಯಾಡ."

ಬೇಸನ್ನು ಮೊದಲಿನಂತೆ ಬಿಟ್ಟು ಕಿಕ್ಕನ್ನೇ ಇಳಿಸಿದೆ. ಎಂಜಿನ್ ಎಲ್ಲೂ ನಿಲ್ಲದೆ ಓಡಿತು. ಹಾಡು ಮುಗಿಯುವವರೆಗೂ ಅವರು ಸ್ಪೀಕರಿನ ಮೇಲೆ ಕೈಯಿಟ್ಟು ಕೂತಿದ್ದರು.

ಮೊನ್ನೆ ಕುಂದಾಪುರದ ಡಿಜೆ ಒಬ್ಬ ಅದನ್ನು ಕೇಳಿ, "ಕಿಕ್ಕಿಗೆ ದಮ್ಮೇ ಇಲ್ಲ ಮಾರಾಯ, ಇದನ್ನ್ ಮಿಕ್ಸ್ ಮಾಡಿದ್ ಯಾರ್?" ಅಂದ.

"ನಾನೇ," ಅಂದೆ. ತಮಾಷೆ ಅಂದುಕೊಂಡು ಅವನು ಜೋರಾಗಿ ನಕ್ಕ.