ತೊಳೆಯದೆ ಉಳಿಸಿದ ಒಂದು ಗೇಣು

"ಇದು ಯಾವ ಊರಿನ ನೀರು ಕುಡಿದು ಬಂತೋ?"

ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಐದೂವರೆ ಗಂಟೆ, ಹಳೆ ಕಾರು ಮಾರುವ ಯಾರ್ಡಿನಲ್ಲಿ ಬೇರೆ ನರಪಿಳ್ಳೆಯಿಲ್ಲ. ತಗಡಿನ ಚಾವಣಿಯ ಕೆಳಗೆ ನಿಂತ ಬಿಳಿ ಕಾರಿನ ನಾಲ್ಕೂ ಬಾಗಿಲು ತೆರೆದು, ಹಿಂದಿನ ಸೀಟಿನ ಸಂದಿಗೆ ಮೂಗಿಟ್ಟು, ಐವತ್ತೆರಡರ ಹೆಂಗಸೊಬ್ಬರು ಉಸಿರೆಳೆದುಕೊಳ್ಳುತ್ತಾರೆ. ಒದ್ದೆ ಗೋಣಿ, ತುಕ್ಕು, ಅದರಡಿ ಎಲ್ಲೋ ಕೊಳೆತ ಎಲೆ. ತಲೆ ಹೊರಗೆ ತಂದು, ತೋಳು ಮಡಚಿ, ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಾರೆ.

ಯಾರ್ಡಿನವರೆಲ್ಲ ಇವರನ್ನು ಕರೆಯುವುದು ಸೀಟಕ್ಕ ಎಂದೇ. ಮಾರಾಟಕ್ಕೆ ಬಂದ ಕಾರುಗಳ ಸೀಟು ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಕೂರಿಸುವುದು ಇವರ ಹನ್ನೊಂದು ವರ್ಷದ ಕಾಯಕ. ಮೊದಲ ಸಲ ಕಾರು ಕೊಳ್ಳುವವರು ಬಾಗಿಲು ತೆರೆದು "ಅಯ್ಯೋ, ಹೊಸದರ ಹಾಗೇ ಇದೆ!" ಅನ್ನುತ್ತಾರಲ್ಲ, ಆ ಮಾತು ಹುಟ್ಟುವುದು ಈ ಕೈಯಲ್ಲಿ. ಕಾರು ಅವರ ಮನೆ ಸೇರುತ್ತದೆ, ಮನೆಮಂದಿಯ ಜೊತೆ ಫೋಟೊ ತೆಗೆಸಿಕೊಳ್ಳುತ್ತದೆ. ಕೈ ಮಾತ್ರ ಚಾವಣಿಯ ಕೆಳಗೇ ಉಳಿಯುತ್ತದೆ.

ತೊಳೆದ ಸೀಟು ಇಡೀ ದಿನದ ಬಿಸಿಲು ಬೇಡುತ್ತದೆ, ಅದಕ್ಕೇ ನಸುಕಿನ ಕೆಲಸ. ಸೀಟಿಗೆ ನಾಲ್ಕು ಬೋಲ್ಟು, ಕಾರಿಗೆ ಇಪ್ಪತ್ತೆರಡು ಬಕೆಟ್ ನೀರು, ಎರಡು ದಿನಕ್ಕೆ ಮೂರು ಕಾರು. ಮೊದಲ ಬಕೆಟ್ ಕಪ್ಪು, ಹತ್ತನೆಯದು ಚಹಾ, ಕೊನೆಯದರಲ್ಲಿ ಮುಖ ಕಾಣಬೇಕು. ಸೋಪಿನಲ್ಲಿ ನೆನೆದೂ ನೆನೆದೂ ಹೆಬ್ಬೆರಳಿನ ಗೆರೆಗಳೇ ಅಳಿಸಿಹೋಗಿವೆ. ಹಾಜರಿ ಹಾಕುವ ಯಂತ್ರ ಇವರನ್ನು ಗುರುತಿಸುವುದಿಲ್ಲ. "ಅದಕ್ಕೆ ನಾನು ದಿನಾ ಗೈರುಹಾಜರಿ. ಕೆಲಸ ಮಾಡೋಳು ನನ್ನ ದೆವ್ವ," ಎನ್ನುತ್ತಾರೆ.

ಸೀಟಿನ ಸಂದಿಯಲ್ಲಿ ಸಿಕ್ಕಿದ್ದೆಲ್ಲ ಒಂದು ಡಬ್ಬಿಗೆ ಹೋಗುತ್ತದೆ: ಹೇರ್‌ಪಿನ್ನು, ಮಗುವಿನ ಒಂಟಿ ಕಾಲುಚೀಲ, ಔಷಧದ ಚೀಟಿ, ಮುರಿದ ಕನ್ನಡಕದ ಕಾಲು. "ಖುಷಿಗೆ ಕಾರು ಮಾರೋರು ಕಡಿಮೆ ಕಣ್ರೀ. ಯಾಕೆ ಮಾರಿದ್ರು ಅನ್ನೋದು ಸಂದಿಯಲ್ಲೇ ಬಿದ್ದಿರುತ್ತೆ. ಕೇಳಬಾರದು. ತೊಳೀಬೇಕು, ಅಷ್ಟೆ."

ಯಾರ್ಡಿನ ಭಾಷೆಯಲ್ಲಿ 'ನೀರು ಕುಡಿದ ಗಾಡಿ' ಎಂದರೆ ನೆರೆಯಲ್ಲಿ ಮುಳುಗಿ ಎದ್ದದ್ದು. ಒಣಗಿಸಿದರೆ ಓಡುತ್ತದೆ, ಒರೆಸಿದರೆ ಹೊಳೆಯುತ್ತದೆ. ಒಳಗಿನ ವೈರುಗಳು ಮಾತ್ರ ಸದ್ದಿಲ್ಲದೆ ಸಾಯುತ್ತಿರುತ್ತವೆ. ಅದರ ಗುರುತು ಉಳಿಯುವುದು ಸೀಟ್ ಬೆಲ್ಟಿನ ಬುಡದಲ್ಲಿ. ದಿನಾ ಎಳೆಯುವಾಗ ಹೊರಗೆ ಬಾರದೆ ಸುರುಳಿಯಲ್ಲೇ ಅಡಗಿರುವ ಕೊನೆಯ ಗೇಣಿನಲ್ಲಿ ಕೆಸರಿನ ಒಂದು ಕಂದು ಗೆರೆ.

ಆರು ವರ್ಷದ ಹಿಂದೆ ಸೀಟಕ್ಕನಿಗೆ ಇದು ತಿಳಿದಿರಲಿಲ್ಲ. ತಿಳಿದಿದ್ದದ್ದು ತೊಳೆಯುವುದೊಂದೇ. ಆಗ ಬಂದ ನೀಲಿ ಕಾರಿನ ಬೆಲ್ಟುಗಳನ್ನು ಪೂರ್ತಿ ಹೊರಗೆಳೆದು, ಕ್ಲಿಪ್ಪು ಹಾಕಿ ನಿಲ್ಲಿಸಿ, ಬುಡದ ಕೆಸರನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಬಿಡದೆ ಉಜ್ಜಿ ತೆಗೆದಿದ್ದರು. ಆ ಕಾರು ಕೊಂಡವರು ಅವರ ಗಂಡ. ಇಪ್ಪತ್ತು ವರ್ಷ ಬೇರೆಯವರ ಗಾಡಿ ಓಡಿಸಿ, ಮೊದಲ ಬಾರಿ ತಮ್ಮದೆಂದು ಕೊಂಡ ಕಾರು ಅದು. ಎರಡು ತಿಂಗಳು ಓಡಿತು. ಒಂದು ಮಳೆಯ ಸಂಜೆ ತಿರುವಿನಲ್ಲಿ ಎಂಜಿನ್ನೂ ದೀಪವೂ ಒಟ್ಟಿಗೇ ಆರಿದವು. ತಳ್ಳಲೆಂದು ಇಳಿದರು. ಹಿಂದಿನಿಂದ ಬಂದ ಲಾರಿಗೆ ದೀಪವಿಲ್ಲದ ಕಾರು ಕಾಣಲಿಲ್ಲ.

ಜೀವ ಉಳಿಯಿತು. ಬಲಗಾಲು ಇನ್ನು ಮಡಚುವುದಿಲ್ಲ. ಕಾರನ್ನು ಬಿಚ್ಚಿದ ಮೆಕ್ಯಾನಿಕ್ ನೆಲಹಾಸಿನ ಕೆಳಗಿನ ಕೆಸರು ತೋರಿಸಿ ಹೇಳಿದನಂತೆ: "ನೀರು ಕುಡಿದದ್ದು ಕಣಮ್ಮ ಇದು. ಬೆಲ್ಟಿನ ಬುಡ ನೋಡಿದ್ರೆ ಸಿಕ್ಕಿಬೀಳ್ತಿತ್ತು. ಯಾರೋ ಪುಣ್ಯಾತ್ಮರು ಅದನ್ನೂ ಬಿಡದೆ ತೊಳೆದಿದ್ದಾರೆ."

"ಆವತ್ತು ನಾನು ನನ್ನ ಕೈ ನೋಡ್ಕೊಂಡೆ," ಎನ್ನುತ್ತಾರೆ ಸೀಟಕ್ಕ.

ಗಂಡ ಈಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಹಳೆ ಬನಿಯನ್ನುಗಳನ್ನು ಕತ್ತರಿಸಿ ಹೆಂಡತಿಗೆ ಒರೆಸುವ ಬಟ್ಟೆ ಮಾಡಿಕೊಡುತ್ತಾರೆ. "ನನ್ ಕಾರು ಎರಡು ತಿಂಗಳು ಓಡ್ತು. ನಾನು ಆರು ವರ್ಷದಿಂದ ಪಾರ್ಕಿಂಗಲ್ಲಿದೀನಿ," ಎಂದು ನಗುತ್ತಾರೆ. ಹೆಂಡತಿ ನಗುವುದಿಲ್ಲ. ಅದನ್ನು ಕಂಡು ಅವರೂ ಕತ್ತರಿ ಕೆಳಗಿಡುತ್ತಾರೆ. "ತೊಳೆಯೋದು ಅವಳ ಕೆಲಸ, ನೋಡೋದು ನಂದಾಗಿತ್ತು. ನನ್ನವಳು ತೊಳೆದ ಗಾಡಿ ಅಂತ ಕಣ್ಣು ಮುಚ್ಚಿ ತಗೊಂಡೆ."

ಅಂದಿನಿಂದ ನೀರು ಕುಡಿದ ಗಾಡಿ ಬಂದರೆ ಸೀಟಕ್ಕ ಎಲ್ಲವನ್ನೂ ತೊಳೆದು, ಬೆಲ್ಟಿನ ಕೊನೆಯ ಗೇಣನ್ನು ಮಾತ್ರ ಹಾಗೇ ಬಿಡುತ್ತಾರೆ. ಯಾರಿಗೂ ಹೇಳುವುದಿಲ್ಲ. "ನಾನು ಬಾಯಿ ಬಿಟ್ರೆ ಅನ್ನ ಹೋಗುತ್ತೆ. ಬೆಲ್ಟೇ ಬಾಯಿ ಬಿಟ್ರೆ ನಾನೇನ್ ಮಾಡ್ಲಿ?" ಆರು ವರ್ಷದಲ್ಲಿ ಅಂಥವು ಹದಿನಾಲ್ಕು ಬಂದಿವೆ. ಪೂರ್ತಿ ಎಳೆದು ನೋಡಿದವರು ಇಬ್ಬರು. ಇಬ್ಬರೂ ಕೊಳ್ಳದೆ ಹೊರಟುಹೋದರು. ಉಳಿದ ಹನ್ನೆರಡು ಈಗ ಯಾವ ರಸ್ತೆಯಲ್ಲಿವೆಯೋ. ಮಳೆ ಶುರುವಾದರೆ ಸೀಟಕ್ಕನಿಗೆ ಊಟ ಸೇರುವುದಿಲ್ಲ. "ದೇವರು ಕೇಳಿದ್ರೆ, ಒಂದು ಗೇಣು ಬಿಟ್ಟಿದ್ದೆ ತಂದೆ ಅಂತ ಹೇಳ್ಬೇಕು. ಒಂದು ಗೇಣು ಅವನಿಗೆ ಸಾಕಾಗುತ್ತೋ ಇಲ್ವೋ."

ಬಿಳಿ ಕಾರು ಒಣಗಿ ಸಿದ್ಧವಾದ ಎರಡನೆಯ ದಿನ ಮಧ್ಯಾಹ್ನ ತಂದೆ, ಮಗಳು ಬರುತ್ತಾರೆ. ಮಗಳು ಶಾಲೆಯ ಟೀಚರು. ಅವರ ವಂಶದಲ್ಲೇ ಇದು ಮೊದಲ ಕಾರು. ತಂದೆಗೆ ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬಸ್ಸು ಹತ್ತಿ ಇಳಿಯುವ ತ್ರಾಣ ಹೋಗಿದೆ. ಎಲ್ಲರೂ ಮಾತಿನಮಲ್ಲ ಎಂದು ಕರೆಯುವ ಸೇಲ್ಸ್‌ಮನ್ ಬೆನ್ನಿಗೇ ಇದ್ದಾನೆ. "ಕೂತ್ಕೊಂಡು ನೋಡಿ ತಾತ, ತೊಟ್ಟಿಲಿದ್ದಂಗಿದೆ!"

ತಾತ ಹಿಂದಿನ ಸೀಟಿನಲ್ಲಿ ಕೂತು ಬಟ್ಟೆಯನ್ನು ಸವರುತ್ತಾರೆ. "ಆಸ್ಪತ್ರೆ ವಾಸನೆ ಇಲ್ಲ ಮಗಳೇ. ನನಗಿಷ್ಟು ಸಾಕು." ಬೆಲ್ಟು ಹಾಕಿಕೊಳ್ಳುತ್ತಾರೆ. ಬೆನ್ನಿಗೆ ಹೊಟ್ಟೆ ಅಂಟಿದ ಮೈ; ಸ್ವಲ್ಪ ಎಳೆಯುವಷ್ಟರಲ್ಲಿ ಮೈಸುತ್ತು ಮುಗಿಯುತ್ತದೆ, ಕೊನೆಯ ಗೇಣು ಸುರುಳಿಯಲ್ಲೇ ಉಳಿಯುತ್ತದೆ. ಬಕೆಟ್ ಹಿಡಿದು ಮೂಲೆಯಲ್ಲಿ ನಿಂತ ಸೀಟಕ್ಕ ತುಟಿಯೊಳಗೇ ಗೊಣಗುತ್ತಾರೆ: "ದೇವರೇ, ಒಬ್ಬ ಡೊಳ್ಳುಹೊಟ್ಟೆಯವನನ್ನಾದ್ರೂ ಕಳಿಸಬಾರದಿತ್ತಾ?"

ಮಗಳು ಅವರತ್ತ ತಿರುಗುತ್ತಾರೆ. "ಅಕ್ಕಾ, ನಮಗೆ ಇದೆಲ್ಲ ಒಂದೂ ಗೊತ್ತಾಗಲ್ಲ. ಗಾಡಿ ಚೆನ್ನಾಗಿದೆಯಾ?"

"ಅಕ್ಕನಿಗೆ ಸೋಪು ಬಿಟ್ರೆ ಇನ್ನೇನ್ ಗೊತ್ತು ಮೇಡಂ!" ಮಾತಿನಮಲ್ಲ ನಗುತ್ತಾನೆ.

ಸೀಟಕ್ಕ ತಾತನ ಸೊರಗಿದ ಕೈ ನೋಡುತ್ತಾರೆ. "ತಿಳಿದೋರನ್ನ ಕರ್ಕೊಂಡು ಬಂದು ತೋರಿಸಿಯಮ್ಮ. ಬೆಲ್ಟೂ ಪೂರ್ತಿ ಎಳೆದು ನೋಡೋಕೆ ಹೇಳಿ." ಆರು ವರ್ಷದಲ್ಲಿ ಮೊದಲ ಸಲ ಇಷ್ಟು ಮಾತು. ಮಾತಿನಮಲ್ಲನ ನಗು ಅರ್ಧಕ್ಕೇ ನಿಲ್ಲುತ್ತದೆ. ನಾಳೆ ಒಂಬತ್ತಕ್ಕೆ ಮೆಕ್ಯಾನಿಕ್ ಜೊತೆ ಬರುತ್ತೇವೆಂದು ಹೇಳಿ ತಂದೆ, ಮಗಳು ನಿಧಾನಕ್ಕೆ ಬಸ್ ನಿಲ್ದಾಣದ ಕಡೆ ನಡೆಯುತ್ತಾರೆ.

ಸುದ್ದಿ ಯಜಮಾನರ ಕಿವಿಗೆ ಬೀಳಲು ಎಷ್ಟು ಹೊತ್ತು? ಸಂಜೆ ಐದಕ್ಕೆ ತಾವೇ ಬಂದು ಬೆಲ್ಟನ್ನು ಕೊನೆಯವರೆಗೆ ಎಳೆಯುತ್ತಾರೆ. ಕಂದು ಗೆರೆ ಹೊರಗೆ ಬರುತ್ತದೆ. ಅವರು ಕೂಗಾಡುವ ಮನುಷ್ಯರಲ್ಲ. ಗಂಡ ಆಸ್ಪತ್ರೆಯಲ್ಲಿದ್ದ ನಲವತ್ತು ದಿನವೂ ಸೀಟಕ್ಕನ ಜಾಗಕ್ಕೆ ಬೇರೆಯವರನ್ನು ತರದೆ ಕಾದವರು. ಆ ಋಣ ಇಬ್ಬರಿಗೂ ನೆನಪಿದೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳುತ್ತಾರೆ:

"ಕಣ್ತಪ್ಪಿ ಬಿಟ್ಟಿರ್ತೀಯ ಅಕ್ಕ. ಇನ್ನೂ ಬೆಳಕಿದೆ. ಇದೊಂದು ಗೇಣು ಉಜ್ಜಿಬಿಡು, ಬೆಳಗಾಗೋ ಹೊತ್ತಿಗೆ ಒಣಗುತ್ತೆ. ನಾನೇನೂ ನೋಡಿಲ್ಲ, ನೀನೇನೂ ಬಿಟ್ಟಿಲ್ಲ." ಹಲ್ಲುಜ್ಜುವ ಬ್ರಷ್ಷನ್ನು ತಾವೇ ಎತ್ತಿ ಅವರ ಕೈಗೆ ಕೊಡುತ್ತಾರೆ.

ಸೀಟಕ್ಕ ಬ್ರಷ್ಷನ್ನು ಬಕೆಟ್ಟಿನಲ್ಲಿ ಜಾಲಿಸಿ, ಗಂಡ ಕತ್ತರಿಸಿ ಕೊಟ್ಟ ಬಟ್ಟೆಯಿಂದ ಒರೆಸಿ, ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾರೆ.

"ಕಣ್ತಪ್ಪಿ ಅಲ್ಲ ಯಜಮಾನ್ರೇ, ಬೇಕಂತಲೇ ಬಿಟ್ಟದ್ದು. ಆ ಗೇಣು ನಾನು ತೊಳೆಯಲ್ಲ."