ಹಳ್ಳ ಇಳಿದು ಅಳೆದ ಮಾಳಿಂಗರಾಯರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳನ್ನು ಬರೀ ಬಯಲೆನ್ನುವವರು ಬಸ್ಸಿನ ಕಿಟಕಿಯಿಂದ ನೋಡಿ ಹೋದವರೇ ಸರಿ. ಭೀಮೆ, ಡೋಣಿ, ಕೃಷ್ಣೆಯರು ಈ ನೆಲವನ್ನು ಎಷ್ಟು ಆಳಕ್ಕೆ ಕೊರೆದಿದ್ದಾರೆ, ಆ ಕೊರಕಲುಗಳ ಅಂಚಿನ ಜನ ಎಷ್ಟು ನೇರ ಮಾತಿನವರು ಎಂಬುದನ್ನು ಬಲ್ಲವರಲ್ಲಿ, ಮೂವತ್ತನಾಲ್ಕು ವರ್ಷ ಭೂಮಾಪಕರಾಗಿ ದುಡಿದು ಇದೀಗ ನಿವೃತ್ತರಾದ ತಾಂಬಾದ ಶ್ರೀ ಮಾಳಿಂಗರಾಯರದು ಮೊದಲ ಹೆಸರು. ಈ ತಿಳಿವು ಅವರಿಗೆ ಬಂದದ್ದು ಒಂದು ತಪ್ಪಿನಿಂದ. ಅದನ್ನು ಅವರೇ ನಗುನಗುತ್ತ ಹೇಳಿಕೊಳ್ಳುವುದರಿಂದ ಇಲ್ಲಿ ಬರೆಯಲು ಸಂಕೋಚವಿಲ್ಲ.

ಸೇವೆಯ ಆರನೆಯ ವರ್ಷ, ಆಲಮೇಲದ ಆಚೆ ಭೀಮೆಯ ದಂಡೆಯಲ್ಲಿ ಊರಿನಿಂದ ಹೊರಗಿದ್ದ ವಸ್ತಿಯೊಂದರವರು ಮಕ್ಕಳಿಗಾಗಿ ಶಾಲೆ ಬೇಡಿದ್ದರು. ಊರಿನ ಶಾಲೆ ಒಂದು ಕಿಲೋಮೀಟರಿನೊಳಗಿದ್ದರೆ ಹೊಸದು ಸಿಗುವಂತಿರಲಿಲ್ಲ. ಮಾಳಿಂಗರಾಯರು ನಕ್ಷೆ ಹಾಸಿ, ಅಡಿಪಟ್ಟಿ ಇಟ್ಟು, ಎಂಟುನೂರು ಮೀಟರ್ ಎಂದು ಬರೆದು ರುಜು ಹಾಕಿದರು. ಅರ್ಜಿ ಬಿದ್ದುಹೋಯಿತು.

ವಾರದೊಳಗೆ ವಸ್ತಿಯ ಕುರಿಗಾರ್ತಿ ಶೇವಂತೆವ್ವ ಸಿಂದಗಿಯ ಕಚೇರಿಗೆ ಬಂದು, "ನಿಮ್ಮ ನಕ್ಷಾದಾಗ ನಮ್ಮ ಹಳ್ಳ ಎಲ್ಲೈತಿ ತೋರಸ್ರಿ" ಎಂದಳು. ಅವರು ನೀಲಿ ಗೆರೆಯೊಂದನ್ನು ತೋರಿಸಿದರು.

"ಈ ಗೆರಿ ದಾಟಾಕ ನಮ್ಮ ಹುಡುಗ್ರಿಗೆ ಒಂದೂವರಿ ತಾಸು ಬೇಕ್ರಿ. ನೀವೊಮ್ಮಿ ನಡದು ನೋಡ್ರಿ."

ಮರುದಿನವೇ ನಡೆದರು. ಎರಡಾಳೆತ್ತರದ ದಂಡೆ ಇಳಿದು, ನೀರು ಕಡಿಮೆಯಿರುವಲ್ಲಿಗೆ ಸುತ್ತು ಹಾಕಿ ಮೇಲೇರುವಷ್ಟರಲ್ಲಿ ಸಾಹೇಬರ ಎರಡೂ ಬೂಟುಗಳನ್ನು ಎರೆಮಣ್ಣು ಇಟ್ಟುಕೊಂಡಿತ್ತು. ಸರಪಳಿ ಹಿಡಿದು ಅಳೆದರೆ ದಾರಿ ಮೂರೂಕಾಲು ಕಿಲೋಮೀಟರ್. ಬರಿಗಾಲಲ್ಲಿ ಕಚೇರಿಗೆ ಮರಳಿದವರನ್ನು ಹಿರಿಯ ಸಹೋದ್ಯೋಗಿ ಶಂಕರೆಪ್ಪನವರು ತಡೆದರು: "ಬರದದ್ದು ತಿದ್ದಬ್ಯಾಡ್ರಿ, ಬಡ್ತಿ ಹೋಗತೈತಿ." ಹೊಸದಾಗಿ ಮದುವೆಯಾಗಿದ್ದ ಮಾಳಿಂಗರಾಯರು ಒಂದು ದಿನ ಕುದಿದರು, ಆಮೇಲೆ, 'ನನ್ನ ಅಳತೆ ತಪ್ಪು, ಕಾರಣ ನಾನು ನಡೆದಿರಲಿಲ್ಲ' ಎಂದು ಬರೆದುಕೊಟ್ಟರು. ಬಡ್ತಿ ನಾಲ್ಕು ವರ್ಷ ತಡವಾಯಿತು. ಶಾಲೆ ಮಾತ್ರ ಮುಂದಿನ ಜೂನ್‌ಗೇ ಬಂತು. ಮೊದಲ ದಿನ ಹತ್ತೊಂಬತ್ತು ಮಕ್ಕಳು ಒಣ ಕಾಲಿನಲ್ಲಿ ಒಳಗೆ ಕುಳಿತದ್ದನ್ನು ಕಂಡು ಅವರು ಅತ್ತರಂತೆ. ನಮಗೂ ಕೇಳಿದಾಗಲೆಲ್ಲ ಕಣ್ಣು ತುಂಬುತ್ತದೆ. ಅಂದಿನಿಂದ ನಾಲ್ಕೂ ತಾಲೂಕುಗಳಲ್ಲಿ ತಾವು ನಡೆಯದ ದಾರಿಗೆ ಅವರು ರುಜು ಹಾಕಿದ್ದಿಲ್ಲ.

ಮೊನ್ನೆಯ ಬೀಳ್ಕೊಡುಗೆಗೆ ಎಪ್ಪತ್ತು ದಾಟಿದ ಶೇವಂತೆವ್ವನೂ ಬಂದಿದ್ದಳು. ಎಲ್ಲರೂ ವಿಶ್ರಾಂತಿಯ ಸುಖ ಹಾರೈಸುತ್ತಿದ್ದಾಗ ಆಕೆ ಎದ್ದು, "ನೌಕರಿ ಮುಗದೈತಿ, ಕಾಲು ಮುಗದಿಲ್ಲಲ್ರಿ. ಕೆಳಗಿನ ವಸ್ತಿಯವ್ರೂ ಸಾಲಿ ಕೇಳಾಕತ್ತಾರ. ನಡದು ಅರ್ಜಿ ಬರಕೊಡ್ರಿ" ಎಂದಳು.

ಮಾಳಿಂಗರಾಯರು ಸನ್ಮಾನದ ಶಾಲನ್ನು ಮಡಿಚಿ ಕುರ್ಚಿಯ ಮೇಲಿಟ್ಟು, "ಯಾವಾಗ ಹೋಗೂದವ್ವಾ?" ಎಂದರು.

ಪೂಜ್ಯರು ನೂರು ವರ್ಷ ಆರೋಗ್ಯದಿಂದ ಬಾಳಲಿ. ಆ ವಸ್ತಿಯ ಶಾಲೆಯ ಬಾಗಿಲು ತೆರೆಯುವವರೆಗಂತೂ ಅವರ ಮೊಣಕಾಲುಗಳು ಬಿಡುವು ಕೇಳದಿರಲಿ.