ದೇವಮ್ಮಕ್ಕನ ಗಂಡನ ಹೆಸರು

"ಗಂಡನ ಹೆಸರು ಹೇಳಮ್ಮಾ" ಎಂದು ಮತಗಟ್ಟೆಯ ಅಧಿಕಾರಿ ಎರಡನೇ ಸಲ ಕೇಳಿದರು. ಕೆಳಗಿನ ಕೇರಿಯ ದೇವಮ್ಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಗಂಡನ ಹೆಸರನ್ನು ಬಾಯಲ್ಲಿ ಹೇಳುವುದು ಆಗ ನಮ್ಮ ಕಡೆಯ ಹೆಂಗಸರಿಗೆ ಆಗದ ಮಾತು. ಅದು ಐವತ್ತೇಳರ ಚುನಾವಣೆ. ಮುಟ್ಟಳ್ಳಿಯ ಮತಗಟ್ಟೆಯಲ್ಲಿ ನಾನು ಒಂದು ಪಕ್ಷದ ಏಜೆಂಟನಾಗಿ ಬೆಂಚಿನ ಮೇಲೆ ಕುಳಿತಿದ್ದೆ.

ಅವಳು ನನ್ನ ಕಡೆ ತಿರುಗಿ ನಕ್ಕಳು. "ನೀನೇ ಹೇಳು ತಮ್ಮಾ. ಸಣ್ಣವ ಇದ್ದಾಗ ಅವ್ರ ಹೆಗಲ ಮೇಲೆ ಕೂತ್ಕಂಡು ಯಕ್ಷಗಾನದ ಆಟ ನೋಡೂಕೆ ಹೋದವ ನೀನಲ್ದಾ?"

ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಕೇರಿಯ ಮತಗಳೆಲ್ಲ ಎದುರು ಪಕ್ಷಕ್ಕೆ ಎಂಬುದೂ ನನಗೆ ಗೊತ್ತಿತ್ತು. ನಾನು ಕಿಟಕಿಯ ಹೊರಗೆ ನೋಡಿದೆ. ದೇವಮ್ಮಕ್ಕ ಮತ ಹಾಕದೆ ಹಿಂತಿರುಗಿದಳು. ತಮಗೂ ಅದೇ ಪ್ರಶ್ನೆ ಬರುತ್ತದೆಂದು ತಿಳಿದು, ಸಾಲಿನಲ್ಲಿದ್ದ ಅವಳ ಕೇರಿಯ ಹೆಂಗಸರೆಲ್ಲ ಮಕ್ಕಳನ್ನು ಎತ್ತಿಕೊಂಡು ಅವಳ ಹಿಂದೆಯೇ ಹೊರಟುಹೋದರು. ಸಂಜೆ ಪಕ್ಷದವರು ನನ್ನ ಬೆನ್ನು ತಟ್ಟಿದರು.

ಮುಂದಿನ ಚುನಾವಣೆಗೆ ಅವಳು ಕಾಸರಕೋಡಿಗೆ ಮದುವೆ ಮಾಡಿಕೊಟ್ಟಿದ್ದ ಮಗಳನ್ನು ಕರೆಸಿಕೊಂಡೇ ಬಂದಳು. ನಾನು ಅದೇ ಬೆಂಚಿನಲ್ಲಿದ್ದೆ. "ನಿಂಗೆ ಎಂತಕ್ಕೆ ಕಷ್ಟ ತಮ್ಮಾ, ಅಪ್ಪನ ಹೆಸರು ಹೇಳೂಕೆ ಇವ್ಳನ್ನ ಕರ್ಕಂಡೇ ಬಂದೆ" ಎಂದಳು. ಆ ಹುಡುಗಿ ಬಾಗಿಲಲ್ಲಿ ನಿಂತು, ಕೇರಿಯ ಹೆಂಗಸರೆಲ್ಲರ ಗಂಡಂದಿರ ಹೆಸರನ್ನೂ ಗಟ್ಟಿಯಾಗಿ ಹೇಳಿದಳು.

ದೇವಮ್ಮಕ್ಕ ಈಗಿಲ್ಲ. ಇವತ್ತಿಗೂ ಮತಗಟ್ಟೆಯಲ್ಲಿ ನನ್ನ ಹೆಸರು ಕೇಳಿದರೆ ಮೊದಲು ಬಾಯಿಗೆ ಬರುವುದು ಅವಳ ಗಂಡನ ಹೆಸರು. ಅವರು ಮಂಜಯ್ಯ. ಅವತ್ತೇ ಹೇಳಬೇಕಿತ್ತು.